ಬಾವನ ಬೀರು ಮತ್ತು ಕದ್ದ ಸುಣ್ಣ

ಮೊನ್ನೆ ನಮ್ಮ ಮನೆಯ ಫ್ರಿಜ್ಜಿನ ಹಿಂದಿನಿಂದ ‘ಸುಸ್’ ಎಂದು ಒಂದು ಸದ್ದು ಬಂತು. ಬಹಳ ಸಣ್ಣ ಸದ್ದು. ರಿಪೇರಿಗೆ ಬಂದಿದ್ದ ಶಿವಣ್ಣ ಎಂಬುವರು ಅಲ್ಲಿ ಕುಕ್ಕರುಗಾಲಲ್ಲಿ ಕೂತು ಯಾವುದೋ ಪೈಪಿನ ತಿರುಪು ಸಡಿಲಿಸಿದ್ದರು, ಅಷ್ಟೆ. ಅದಕ್ಕೆ ನಾನು ಏನು ಮಾಡಿದೆ ಎಂದು ಹೇಳಲು ಸ್ವಲ್ಪ ನಾಚಿಕೆಯಾಗುತ್ತದೆ. ಎಂಬತ್ತರ ಹತ್ತಿರ ಬಂದಿರುವ, ಮಂಡಿಗೆ ಎಣ್ಣೆ ಹಚ್ಚಿಕೊಂಡು ಕಾಲು ಚಾಚಿ ಕೂತಿದ್ದ ಮನುಷ್ಯ ಎದ್ದೆ. ಅಡುಗೆಮನೆಯ ಕಿಟಕಿ ತೆರೆದೆ, ಹಿತ್ತಲ ಬಾಗಿಲು ತೆರೆದೆ, ಅವರೆಕಾಯಿ ಸುಲಿಯುತ್ತಿದ್ದ ಹೆಂಡತಿಯ ರಟ್ಟೆ ಹಿಡಿದು ಅಂಗಳಕ್ಕೆ ಎಳೆದುಕೊಂಡು ಹೋದೆ.

“ಹಾವು ಬಂತೇನ್ರಿ?” ಎಂದಳು ಆಕೆ.

“ಗ್ಯಾಸು.”

“ಯಾವ ಗ್ಯಾಸು? ವಾಸ್ನೇನೇ ಇಲ್ವಲ್ಲ.”

ಶಿವಣ್ಣ ಕೈಯಲ್ಲಿ ಸ್ಪ್ಯಾನರು ಹಿಡಿದು ಹೊರಗೆ ಬಂದರು. ಮುದುಕರ ಮನೆಗಳಲ್ಲಿ ಇಂಥದ್ದನ್ನೆಲ್ಲ ನೋಡಿ ಅಭ್ಯಾಸವಿರುವವರ ಮುಖ. “ಇದು ಏನೂ ಮಾಡಲ್ಲ ಸಾರ್. ಗಾಳಿಗೆ ಬಿಟ್ರೆ ಗಾಳಿ ಜೊತೆ ಹೋಯ್ತದೆ. ಹಳೇದು ಖಾಲಿ ಮಾಡಿ ಹೊಸದು ತುಂಬ್ತೀನಿ” ಎಂದರು.

ನೋಡಿ, ಈ ಮಾತನ್ನು ನಾನು ಇದಕ್ಕೆ ಮುಂಚೆ ಇನ್ನೊಬ್ಬರ ಬಾಯಲ್ಲಿ ಕೇಳಿದ್ದೆ. ಅವರ ಕೈಯಲ್ಲೂ ಸ್ಪ್ಯಾನರಿತ್ತು. ಅದಕ್ಕೇ ಶಿವಣ್ಣನವರಿಗೆ ಆ ತಿರುಪನ್ನು ಮತ್ತೆ ಬಿಗಿದು ಬರಲು ಹೇಳಿದೆ. ಕಾಫಿ ಆಗುವವರೆಗೆ ಇಲ್ಲಿ ಜಗುಲಿಯ ಮೇಲೆ ಕೂತುಕೊಳ್ಳಿ, ಒಂದು ಸಂಗತಿ ಹೇಳುತ್ತೇನೆ ಎಂದೆ. ನೀವೂ ಕೂತುಕೊಳ್ಳಿ. ಅವಸರವೇನೂ ಇಲ್ಲ.

ಎರಡನೆಯ ಮಹಾಯುದ್ಧ ಮುಗಿದ ಮಾರನೆಯ ವರ್ಷ. ನಾನು ಆಗ ತಾನೇ ಬಿ.ಎಸ್ಸಿ. ಪಾಸು ಮಾಡಿ ಮಂಡ್ಯದ ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ನಮ್ಮದು ಯಲಿಯೂರು. ನಮ್ಮ ವಂಶದಲ್ಲಿ ಹೆಬ್ಬೆಟ್ಟು ಒತ್ತುವುದನ್ನು ಬಿಟ್ಟು ಸಹಿ ಹಾಕಿದ ಮೊದಲನೆಯವನು ನಾನು. ರೈಲು ಹಳಿಯ ಪಕ್ಕದಲ್ಲೇ ನಡೆದು ಮಂಡ್ಯದ ಹೈಸ್ಕೂಲಿಗೆ ಹೋದವನು. ಬೆಂಗಳೂರಿನ ಕಾಲೇಜಿನಲ್ಲಿ ಒಂದೇ ಷರಟನ್ನು ಭಾನುವಾರ ಒಗೆದು ಒಣಗುವವರೆಗೂ ಕಂಬಳಿ ಹೊದ್ದು ಆಮ್ಲ, ಪ್ರತ್ಯಾಮ್ಲ ಎಂದು ಉರುಹೊಡೆದವನು. ಅದನ್ನು ಹೇಳಿಕೊಳ್ಳಲು ನನಗೆ ಯಾವತ್ತೂ ಸಂಕೋಚವಾಗಿಲ್ಲ. ಪಾಸಾದ ಸುದ್ದಿ ಹೇಳಿದಾಗ ನಮ್ಮಪ್ಪ ಎತ್ತಿನ ಮೈ ಉಜ್ಜುತ್ತಿದ್ದವರು ಕೈ ನಿಲ್ಲಿಸದೆ, “ಅದ್ರಲ್ಲಿ ಏನ್ಲಾ ಮಾಡಾದು?” ಎಂದು ಕೇಳಿದರು. ಆಗ ನನಗೆ ಉತ್ತರ ಹೊಳೆಯಲಿಲ್ಲ. ನಮ್ಮಕ್ಕನ ಗಂಡನ ಮನೆಯಲ್ಲಿ ಆ ಉತ್ತರ ಸಿಕ್ಕಿತು ಎಂದು ಬಹಳ ವರ್ಷ ನಂಬಿಕೊಂಡಿದ್ದೆ.

ಅಕ್ಕನನ್ನು ಕೊಟ್ಟಿದ್ದು ಮಳವಳ್ಳಿಗೆ ಹೋಗುವ ದಾರಿಯ ಒಂದು ಹಳ್ಳಿಗೆ. ಬಾವ ಚಿಕ್ಕೇಗೌಡರದು ಅಲ್ಲಿ ಅಕ್ಕಿ ಗಿರಣಿ. ಗಿರಣಿಗೆ ಬಂದಿದ್ದ ಕರೆಂಟನ್ನು ಮನೆಗೂ ಎಳೆಸಿಕೊಂಡಿದ್ದರು. ಮನುಷ್ಯ ಒಳ್ಳೆಯವರು. ಆದರೆ ಹರಾಜು ಕೂಗುವ ಶಬ್ದ ಕಿವಿಗೆ ಬಿದ್ದರೆ ಅವರ ಕಾಲು ನಿಲ್ಲುತ್ತಿರಲಿಲ್ಲ. ಅಕ್ಕನಿಗೆ ಆಗ ದಿನ ತುಂಬುತ್ತಾ ಬಂದಿತ್ತು. ತವರಿನಲ್ಲಿ ನಮ್ಮವ್ವ ಇಲ್ಲದ್ದರಿಂದ ಬಾಣಂತನ ಗಂಡನ ಮನೆಯಲ್ಲೇ, ಅದಕ್ಕೊಂದು ಮಂಚ ಬೇಕಾಗಿತ್ತು. ಇಂಗ್ಲೆಂಡಿಗೆ ವಾಪಸು ಹೊರಟಿದ್ದ ಒಬ್ಬ ದೊರೆ ಇಂಜಿನಿಯರ ಬಂಗಲೆಯ ಸಾಮಾನು ಹರಾಜಿಗೆ ಬಂದಿದೆಯೆಂದು ಕೇಳಿ, ಮಂಚ ತರಲು ಗಾಡಿ ಕಟ್ಟಿಕೊಂಡು ಹೋದ ಬಾವ ಫ್ರಿಜ್ಜು ತಂದರು.

ಅದು ಫ್ರಿಜ್ಜು ಎಂದು ಅವರಿಗೂ ಗೊತ್ತಿರಲಿಲ್ಲ. ಬೆಳ್ಳಗಿತ್ತು, ಬಾಗಿಲಿತ್ತು, ಒಳಗೆ ಹಲಗೆಗಳಿದ್ದವು. ತಣ್ಣಗಾಗುವ ಬೀರು ಎಂದುಕೊಂಡು ಕೊಂಡರು. ಮನೆಯ ಬಾಗಿಲು ಅದಕ್ಕೆ ಸಾಲಲಿಲ್ಲ. ನಡುಮನೆಯ ಗೋಡೆ ಒಡೆಸಿ ಒಳಗೆ ತಂದು, ಆ ಗೋಡೆಯನ್ನು ಮತ್ತೆ ಕಟ್ಟಿಸಿದರು. ಮಂಚ ಮಾತ್ರ ಬರಲಿಲ್ಲ.

ಈಗ ನೀವೇ ಹೇಳಿ, ಬೆಳಿಗ್ಗೆ ಕರೆದ ಹಾಲು ಸಂಜೆಗೆ ಮುಗಿಯುವ, ಮಾಡಿದ ಸಾರು ರಾತ್ರಿಗೆ ಉಳಿಯದ ಮನೆಯಲ್ಲಿ ಫ್ರಿಜ್ಜಿನೊಳಗೆ ಏನು ಇಡುವುದು? ಮೊದಲು ಅಕ್ಕನ ರೇಷ್ಮೆ ಸೀರೆ ಇಟ್ಟರು. ಅದು ಒದ್ದೆಯಾಯಿತು. ರಾಗಿ ಮುದ್ದೆ ಇಟ್ಟರು. ಅದು ಬೆಳಗಾಗುವಷ್ಟರಲ್ಲಿ ಕಲ್ಲಾಗಿ, ನಾಯಿಯೂ ಅದನ್ನು ಮೂಸಿ ನೋಡಿ ದೂರ ಹೋಯಿತು. ಕೊನೆಗೆ ಬಾವ ಅದಕ್ಕೆ ತಕ್ಕ ಉಪಯೋಗ ಕಂಡುಹಿಡಿದರು. ಮನೆಗೆ ಯಾರಾದರೂ ಬಂದರೆ ಕಾಫಿಯ ಬದಲು ಫ್ರಿಜ್ಜಿನ ಮುಂದೆ ಮಣೆ ಹಾಕಿ, ಬಾಗಿಲು ತೆರೆದು, “ತಣ್ಣಗಾಗಿ” ಎನ್ನುತ್ತಿದ್ದರು. ಬಂದವರು ಕೈ ಚಾಚಿ, ಮುಖ ಒಡ್ಡಿ, ತಣ್ಣಗಾಗಿ ಹೋಗುತ್ತಿದ್ದರು. ಜ್ವರ ಬಂದವರನ್ನು ಕರೆತಂದು ತಲೆಯನ್ನು ಒಳಗೆ ಇಡಿಸಿಕೊಂಡು ಹೋದದ್ದೂ ಉಂಟಂತೆ. ಕಾಫಿಪುಡಿಯ ಖರ್ಚು ಕಡಿಮೆಯಾಯಿತೆಂದು ಬಾವನ ತಾಯಿ ನಂಜವ್ವನೂ ಸುಮ್ಮನಿದ್ದರು.

ಅಕ್ಕನಿಗೆ ಹೆಣ್ಣು ಮಗುವಾದ ವಾರದಲ್ಲೇ ಫ್ರಿಜ್ಜು ತಣ್ಣಗಾಗುವುದನ್ನು ನಿಲ್ಲಿಸಿತು. ಮಗು ನೋಡಲು ನೆಂಟರು ಬರುವ ಹೊತ್ತು. ಬಾವನಿಗೆ ಮಾನದ ಪ್ರಶ್ನೆ. ಮೈಸೂರಿನಿಂದ ಮೇಸ್ತ್ರಿಯನ್ನು ಕರೆಸಿದರು.

ಅದೇ ದಿನ ಮಗು ನೋಡಲು ನಾನೂ ಹೊರಟಿದ್ದೆ. ಮದ್ದೂರಿನಲ್ಲಿ ಬಸ್ಸು ಬದಲಿಸಬೇಕು. ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಯುದ್ಧಕಾಲದ ಬಸ್ಸು, ಏರು ಬಂದಲ್ಲೆಲ್ಲ ನಾವು ಇಳಿದು ತಳ್ಳಬೇಕು. ಹೀಗೆ ಅರ್ಧ ಬಸ್ಸಿನಲ್ಲಿ, ಅರ್ಧ ಬಸ್ಸಿನ ಹಿಂದೆ ಪ್ರಯಾಣ ಮಾಡಿ, ಹೊತ್ತು ಮುಳುಗುವ ಹೊತ್ತಿಗೆ ಬಾವನ ಮನೆಯ ಹೊಸ್ತಿಲ ಮೇಲೆ ಕಾಲಿಟ್ಟೆ. ಮೂಗಿಗೆ ಬೆಂಕಿಕಡ್ಡಿ ಗೀರಿದ ಹಾಗೆ ಒಂದು ಘಾಟು ಹೊಡೆಯಿತು.

ಆ ಘಾಟು ನನಗೆ ಚೆನ್ನಾಗಿ ಗೊತ್ತು. ಕಾರ್ಖಾನೆಯಲ್ಲಿ ಗಂಧಕ ಸುಟ್ಟು, ಆ ಹೊಗೆಯನ್ನು ಕಬ್ಬಿನ ಹಾಲಿಗೆ ಹಾಯಿಸುತ್ತಿದ್ದರು. ಸಕ್ಕರೆ ಬೆಳ್ಳಗಾಗುವುದು ಅದರಿಂದಲೇ. ಒಂದು ಸಲ ಉಸಿರಿನೊಳಗೆ ಎಳೆದುಕೊಂಡರೆ ಎದೆಗೆ ಬೀಗ ಹಾಕಿದಂತಾಗುತ್ತದೆ. ದೊಡ್ಡ ಆಳುಗಳೇ ಕಣ್ಣಲ್ಲಿ ನೀರು ಸುರಿಸಿಕೊಂಡು ಓಡಿಬರುತ್ತಿದ್ದುದನ್ನು ನೋಡಿದ್ದೆ. ಆ ಕಾಲದ ಫ್ರಿಜ್ಜುಗಳ ಹೊಟ್ಟೆಯಲ್ಲಿ ಸುತ್ತಾಡುತ್ತಾ ತಂಪು ಮಾಡುತ್ತಿದ್ದದ್ದೂ ಅದೇ ಗಂಧಕದ ಗ್ಯಾಸು. ಅದನ್ನು ಒತ್ತಿ ಒತ್ತಿ ದ್ರವ ಮಾಡಿ ತುಂಬಿರುತ್ತಿದ್ದರು.

ನಡುಮನೆಗೆ ನುಗ್ಗಿದೆ. ತಲೆಗೆ ಟೋಪಿ ಹಾಕಿಕೊಂಡಿದ್ದ ಮೇಸ್ತ್ರಿ ಗುರುಸ್ವಾಮಿ ಫ್ರಿಜ್ಜನ್ನು ಗೋಡೆಯಿಂದ ಎಳೆದು, ಹಿಂದಿನ ಪೈಪಿಗೆ ಸ್ಪ್ಯಾನರು ಹಾಕಿದ್ದರು. ಬಾವ ಪಕ್ಕದಲ್ಲಿ ದೀಪ ಹಿಡಿದು ನಿಂತಿದ್ದರು.

“ಏನ್ ಮಾಡ್ತಿದ್ದೀರಿ?”

“ಯಂತ್ರದ ಸೀಲು ಹೋಗಿದೆ ಸ್ವಾಮಿ. ಬಿಚ್ಚಬೇಕಾದ್ರೆ ಒಳಗಿರೋ ಗ್ಯಾಸು ಖಾಲಿಯಾಗ್ಬೇಕು. ಬಿಡ್ತಾ ಇದ್ದೀನಿ.”

“ಎಲ್ಲಿಗೆ?”

“ಎಲ್ಲಿಗೆ ಅಂದ್ರೆ? ಗಾಳಿಗೆ. ಗಾಳಿಗೆ ಬಿಟ್ರೆ ಗಾಳಿಗೆ ಸೇರ್ಕೊಳ್ಳುತ್ತೆ. ಸ್ವಲ್ಪ ಘಾಟಿರುತ್ತೆ, ಬಾಗಿಲು ತೆಗೆದಿಡಿ.”

ನಾನು ಅವರ ಕೈ ಹಿಡಿದುಕೊಂಡೆ. ಯಾಕೆಂದರೆ ಆ ಫ್ರಿಜ್ಜಿನಿಂದ ಎರಡು ಮಾರು ದೂರದಲ್ಲಿ ಬಾಣಂತಿಯ ಕೋಣೆ. ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು, ಅದು ತೆರೆಯುತ್ತಿದ್ದದ್ದು ಇದೇ ನಡುಮನೆಗೆ. ಕಿಟಕಿಗೆ ನಂಜವ್ವ ಗೋಣಿ ತುರುಕಿ ಬಿಗಿ ಮಾಡಿದ್ದರು. ಒಳಗೆ ಅಕ್ಕ ಮತ್ತು ಇನ್ನೂ ಕಣ್ಣು ಸರಿಯಾಗಿ ಬಿಡದ ಕೂಸು. ಫ್ರಿಜ್ಜಿನಲ್ಲಿದ್ದಷ್ಟು ಗ್ಯಾಸು ಒಮ್ಮೆಗೇ ಆ ನಡುಮನೆಗೆ ಬಂದರೆ ನಾವೆಲ್ಲ ಹೊರಗೆ ಓಡಬಹುದು. ಅದು ನೆಲದ ಮೇಲೆ ಹರಿದು ಆ ಕೋಣೆಗೆ ಹೋಗಿ ಕೂರುತ್ತದೆ. ಆ ಗ್ಯಾಸು ಗಾಳಿಗಿಂತ ಭಾರ. ಬಾಣಂತಿಯನ್ನು ಮಲಗಿಸಿದ್ದದ್ದು ನೆಲದ ಮೇಲೆ. ಬಾವ ಮಂಚ ತಂದಿರಲಿಲ್ಲವೆಂದು ಹೇಳಿದೆನಲ್ಲ.

ಇದನ್ನೆಲ್ಲ ಹೇಳಿದೆ. ಮೇಸ್ತ್ರಿ ಟೋಪಿ ತೆಗೆದು ತಲೆ ಕೆರೆದುಕೊಂಡರು. ತಿರುಪನ್ನು ಮತ್ತೆ ಬಿಗಿದರು. ಆದರೆ ಸೀಲಿನ ಸಂದಿನಿಂದ ಸಣ್ಣಗೆ ಸೋರುತ್ತಲೇ ಇತ್ತು. “ಇದು ನಿಲ್ಲಲ್ಲ ಸ್ವಾಮಿ. ನಾನು ಬಿಡದೆ ಇದ್ರೂ ಬೆಳಗಾಗೋ ಹೊತ್ತಿಗೆ ಅದೇ ಬಿಟ್ಕೊಳ್ಳುತ್ತೆ” ಎಂದರು. ಫ್ರಿಜ್ಜನ್ನು ಹೊರಗೆ ಸಾಗಿಸಬೇಕೆಂದರೆ ಗೋಡೆ ಒಡೆಯಬೇಕು.

“ಬಾಣಂತಿ ಇರೋ ಮನೆ ಗೋಡೆಗೆ ಆರೆ ಆಕ್ತೀಯೇನ್ಲಾ?” ಎಂದು ನಂಜವ್ವ ಅಡುಗೆಮನೆಯಿಂದ ಬಂದರು.

“ಹಂಗಾದ್ರೆ ಅಕ್ಕನ್ನ ಮಗೂನ ಪಕ್ಕದ ಮನೆಗೆ ಕಳ್ಸವ್ವಾ.”

“ಅನ್ನೊಂದ್ ದಿನ ಆಗ್ದೆ ಬಾಣಂತೀನ ಒಸ್ತ್ಲು ದಾಟ್ಸದಾ? ಅದೂ ದೀಪ ಅಚ್ಚೋ ಒತ್ನಲ್ಲಿ? ಓದಿ ಓದಿ ನಿಂಗೆ ತಲೆ ಕೆಟ್ಟದೆ ಕಣಪ್ಪ.”

“ನಾನೇ ಬತ್ತೀನಿ ಈಚ್ಗೆ, ದಾರಿ ಬುಡಿ” ಎಂದು ಅಕ್ಕ ಒಳಗಿನಿಂದ ಕೂಗಿದಳು.

“ನೀನು ಸುಮ್ನೆ ಬಿದ್ಕಳಮ್ಮಿ” ಎಂದರು ನಂಜವ್ವ. ಘಾಟನ್ನು ಓಡಿಸಲು ಸಾಂಬ್ರಾಣಿ ಹೆಚ್ಚು ಹಾಕುತ್ತೇನೆಂದು ಕೆಂಡ ತರಲು ಹೋದರು. ಒಳಗೆ ಅಕ್ಕ ಕೆಮ್ಮಿದಳು. 

ಆಗ ನನಗೆ ನಮ್ಮಪ್ಪನ ಪ್ರಶ್ನೆಗೆ ಉತ್ತರ ಹೊಳೆಯಿತು. ಕಾರ್ಖಾನೆಯಲ್ಲಿ ಗಂಧಕದ ಹೊಗೆ ಹಾಯಿಸುವ ಕಬ್ಬಿನ ಹಾಲಿಗೆ ಕದಡಿದ ಸುಣ್ಣ ಬೆರೆಸಿರುತ್ತಾರೆ. ಗಂಧಕದ ಗ್ಯಾಸು ಆಮ್ಲದ ಜಾತಿ, ಸುಣ್ಣ ಪ್ರತ್ಯಾಮ್ಲ. ಎರಡೂ ಕೂಡಿದರೆ ಬಿಳೀ ಗಸಿಯಾಗಿ ತಳಕ್ಕೆ ಕೂರುತ್ತವೆ. ಘಾಟೂ ಇಲ್ಲ, ಉಸಿರು ಕಟ್ಟುವುದೂ ಇಲ್ಲ. ಮೇಸ್ತ್ರಿಯ ಚೀಲದಲ್ಲಿ ಒಂದು ಮೊಳ ತಾಮ್ರದ ಕೊಳವೆಯಿತ್ತು. ಬೀದಿಗೆ ಮುಟ್ಟಿಸಲು ಅದು ಸಾಲದು. ಆದರೆ ಪಕ್ಕದಲ್ಲೇ ಒಂದು ಗುಡಾಣ ಇಟ್ಟು, ಸುಣ್ಣವನ್ನು ಹಾಲಿನಂತೆ ಕದಡಿ, ಅದರೊಳಗೆ ಕೊಳವೆಯ ತುದಿ ಮುಳುಗಿಸಿ, ಗ್ಯಾಸನ್ನು ನಿಧಾನವಾಗಿ ಬಿಟ್ಟರೆ ಆಯಿತು.

ಮನೆಯ ಸುಣ್ಣದ ಮಡಕೆ ನೋಡಿದೆ. ಬಾಣಂತಿಗೆ ಎಲೆಯಡಿಕೆ, ಬಂದ ನೆಂಟರಿಗೆ ಎಲೆಯಡಿಕೆ. ಮಡಕೆಯ ತಳ ಕಾಣುತ್ತಿತ್ತು. ಊರಿನಿಂದ ಕೇಳಿ ತರುತ್ತೇನೆಂದು ಎರಡು ದೊಡ್ಡ ಮಡಕೆ ಹಿಡಿದು ಹೊರಟೆ.

ಪಕ್ಕದ ಮನೆ ಕೆಂಪಮ್ಮನದು. ಆಕೆ ಆಗ ತಾನೇ ದೀಪ ಹಚ್ಚಿ ಹೊಸ್ತಿಲಿಗೆ ಹೂವಿಡುತ್ತಿದ್ದಳು. ಆ ದಿನ ಶುಕ್ರವಾರ. ನಮ್ಮ ಕಡೆಯವರಿಗೆ ನಾನು ಇನ್ನೇನೂ ಹೇಳಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ: ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಯಾರೂ ಮನೆಯಿಂದಾಚೆಗೆ ಸುಣ್ಣ ಕೊಡುವುದಿಲ್ಲ. ಶುಕ್ರವಾರವಂತೂ ಕೇಳುವುದೇ ತಪ್ಪು.

ಕೇಳಿದೆ. ಕೆಂಪಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಬಿ.ಎಸ್ಸಿ. ಮಾಡ್ದೋನಂತೆ ನೀನು.”

ನಾನು ಅವಳಿಗೆ ಆಮ್ಲ ಪ್ರತ್ಯಾಮ್ಲಗಳನ್ನು ವಿವರಿಸಿದೆ. ಕಾಲೇಜಿನಲ್ಲಿ ಪ್ರೊಫೆಸರು ಕೇಳಿದ್ದರೆ ಅಷ್ಟು ಚೆನ್ನಾಗಿ ಹೇಳುತ್ತಿದ್ದೆನೋ ಇಲ್ಲವೋ. ಕೆಂಪಮ್ಮ ಗಲ್ಲಕ್ಕೆ ಕೈಯಿಟ್ಟು ಪೂರ್ತಿ ಕೇಳಿದಳು. “ನೀನು ಏಳೋದು ಸರಿ ಕಣಪ್ಪ. ಎಳೇ ಕೂಸು, ಉಸ್ರು ಕಟ್ಬಾರದು. ಆದ್ರೂ ಕೊಡಕಾಗಕಿಲ್ಲ. ಮನೆ ಲಕ್ಸ್ಮಿ ಒಂಟೋಯ್ತಾಳೆ.”

“ಮಗು ಜೀವ ಕಣಮ್ಮ.”

“ಅದ್ಕೇ ಏಳ್ತಾ ಇವ್ನಿ. ಕೊಡಕಿಲ್ಲ ಅಂದೆ. ತಕ್ಕಂಡೋಗ್ಬ್ಯಾಡ ಅಂದ್ನಾ?”

ನನಗೆ ಅರ್ಥವಾಗಲಿಲ್ಲ. ನಾಲ್ಕು ವರ್ಷ ವಿಜ್ಞಾನ ಓದಿದವನಿಗೆ ಇಂಥವು ತಡವಾಗಿ ಅರ್ಥವಾಗುತ್ತವೆ. ಕೆಂಪಮ್ಮ ನಿಟ್ಟುಸಿರು ಬಿಟ್ಟು, ಸೆರಗು ಹೊದ್ದು, ಗೋಡೆಯ ಕಡೆಗೆ ಮುಖ ಮಾಡಿ ನಿಂತಳು. “ಕದ್ರೆ ನಾನೇನ್ ಮಾಡಕಾಯ್ತದೆ” ಎಂದು ಗೋಡೆಗೆ ಹೇಳಿದಳು.

ನಾನು ಒಳಗೆ ಹೋಗಿ ಮೂಲೆಯಲ್ಲಿ ತಡಕಾಡಿದೆ.

“ಅಲ್ಲಲ್ಲ ಕಣ್ಲಾ. ಒಲೆ ಪಕ್ಕ. ಮೊರದ ಕೆಳಗೆ. ನಾನು ನೋಡ್ತಾ ಇಲ್ಲ” ಎಂದು ಗೋಡೆಯ ಕಡೆಯಿಂದ ದನಿ ಬಂತು.

ಹೀಗೆ ನಮ್ಮ ವಂಶದ ಮೊದಲನೆಯ ಪದವೀಧರ ಕಳ್ಳನಾದ. ಸುದ್ದಿ ನನಗಿಂತ ಮುಂದೆ ಓಡಿತು. ನಾನು ಹೋಗುವಷ್ಟರಲ್ಲಿ ಬೀದಿಯ ಮನೆಗಳಲ್ಲೆಲ್ಲ ಹೆಂಗಸರು, ಗಂಡಸರು, ಒಬ್ಬ ಅಜ್ಜ, ಎಲ್ಲರೂ ಗೋಡೆಗೆ ಮುಖ ಮಾಡಿ ಸಾಲಾಗಿ ನಿಂತಿದ್ದರು. ಶಾಲೆಯಲ್ಲಿ ತಪ್ಪು ಮಾಡಿದ ಮಕ್ಕಳನ್ನು ನಿಲ್ಲಿಸುತ್ತಾರಲ್ಲ, ಹಾಗೆ. ನಾನು ಒಳಗೆ ಹೋಗಿ ಮಡಕೆ ಎತ್ತಿ, ಗೋರಿಕೊಂಡು ಬರುತ್ತಿದ್ದೆ. ಒಂದು ಮನೆಯನ್ನು ಅವಸರದಲ್ಲಿ ದಾಟಿಬಿಟ್ಟೆ. ಹಿಂದಿನಿಂದ ಮನೆಯಾಕೆಯ ದನಿ ಬಂತು: “ನಮ್ಮನೇಲಿ ಯಾಕೆ ಕದೀಲಿಲ್ಲ? ನಮ್ಮ ಸುಣ್ಣ ಸುಣ್ಣ ಅಲ್ವಾ?” ತಿರುಗಿ ಹೋಗಿ ಅಲ್ಲೂ ಕದ್ದೆ.

ಬೀದಿಯ ಕೊನೆಯ ಮನೆ ಊರ ತಳವಾರ ಮಾದಯ್ಯನದು. ಊರ ಕಾವಲು ಅವನ ಕೆಲಸ. ಅವನೂ ಗೋಡೆಗೆ ಮುಖ ಮಾಡಿ ನಿಂತಿದ್ದ, ಕೈಯಲ್ಲಿ ಕೋಲು ಹಿಡಿದು. ನಾನು ಸುಣ್ಣ ತೆಗೆದುಕೊಂಡು ಹೊಸ್ತಿಲು ದಾಟಿದ ಕೂಡಲೇ, “ಕಳ್ಳ, ಕಳ್ಳ, ಇಡೀರ್ಲಾ” ಎಂದು ಊರು ಕಿತ್ತುಹೋಗುವಂತೆ ಕೂಗಿದ.

ನಾನು ಹೆದರಿ ನಿಂತೆ. “ಮಾದಯ್ಯ, ನೀನೇ ಗೋಡೆ ಕಡೆ ತಿರುಗಿದ್ಯಲ್ಲೋ.”

“ತಿರುಗ್ದೆ ಬುದ್ಧಿ. ಆದ್ರೆ ಕೂಗ್ದೆ ಇದ್ರೆ ನಾನೇ ಕೊಟ್ಟಂಗಾಯ್ತದೆ. ತಳವಾರನ ಮನೇಲಿ ಕಳ್ತನ ಆಗಿ ತಳವಾರನೇ ಸುಮ್ಕಿದ್ರೆ ಊರು ಏನಂದಾತು? ನೀವು ಓಡಿ, ನಾನು ಅಟ್ಟಿಸ್ಕಂಡು ಬತ್ತೀನಿ.”

ಸುಣ್ಣದ ಭಾರದಲ್ಲಿ ನನಗೆ ಓಡಲಾಗಲಿಲ್ಲ. ಮಾದಯ್ಯ ಅದನ್ನು ಕಂಡು, ನನ್ನ ಕೈಯಿಂದ ಒಂದು ಮಡಕೆ ಇಸಿದುಕೊಂಡು ತಾನೇ ಹೊತ್ತ. ಹಾಗೆ ಹೊತ್ತುಕೊಂಡೇ “ಕಳ್ಳ, ಕಳ್ಳ” ಎಂದು ಕೂಗುತ್ತಾ ನನ್ನ ಪಕ್ಕದಲ್ಲಿ ಓಡಿದ. ಬಾವನ ಮನೆ ಮುಟ್ಟುವ ಹೊತ್ತಿಗೆ ಊರೆಲ್ಲ ನಮ್ಮ ಹಿಂದಿತ್ತು.

ಆಮೇಲಿನದು ತಮಾಷೆಯಾಗಿರಲಿಲ್ಲ. ನಡುಮನೆಯ ಘಾಟು ಹೆಚ್ಚಿತ್ತು. ಗುಡಾಣದಲ್ಲಿ ಸುಣ್ಣ ಕದಡಿದೆವು. ಪಂಚೆಯೊಂದನ್ನು ಅದರಲ್ಲಿ ಅದ್ದಿ ಬಾಣಂತಿ ಕೋಣೆಯ ಬಾಗಿಲಿಗೆ ಇಳಿಬಿಟ್ಟೆ, ಸೋರಿದ್ದಷ್ಟೂ ಅದಕ್ಕೆ ಅಂಟಲಿ ಎಂದು. ತಿರುವಲು ಅಡುಗೆಮನೆಯಿಂದ ಮುದ್ದೆ ಕೋಲು ತಂದೆ. ನಂಜವ್ವ ತಡೆಯಲು ಬಂದವರು ನನ್ನ ಮುಖ ನೋಡಿ ದಾರಿ ಬಿಟ್ಟರು. ಮೇಸ್ತ್ರಿ ಕೊಳವೆ ಸಿಕ್ಕಿಸಿ, ತುದಿಯನ್ನು ಸುಣ್ಣದ ನೀರಿಗಿಳಿಸಿ, ತಿರುಪನ್ನು ಕೂದಲೆಳೆಯಷ್ಟು ಸಡಿಲಿಸಿದರು. ಗುಡಾಣ ಗುಳುಗುಳು ಎಂದಿತು.

ಬಾಣಂತಿ ಕೋಣೆಯೊಳಗೆ ಗ್ಯಾಸು ಹೋಗುತ್ತಿದೆಯೋ ಇಲ್ಲವೋ ನನಗೆ ಹೇಗೆ ಗೊತ್ತಾಗಬೇಕು? ಹಸಿ ಬಟ್ಟೆ ಸರಿಸಿ ಇಣುಕಿದರೆ ಇದ್ದ ಗಾಳಿಯೂ ಕೆಡುತ್ತದೆ. “ಅಕ್ಕಾ, ಮಾತಾಡ್ತಾ ಇರು. ನಿಲ್ಲಿಸ್ಬೇಡ. ನಿನ್ನ ದನಿ ಕೇಳ್ತಾ ಇರ್ಬೇಕು ನಂಗೆ” ಎಂದು ಕೂಗಿದೆ.

“ಏನ್ಲಾ ಮಾತಾಡ್ಲಿ?”

“ಏನಾದ್ರೂ. ಬಾಯಿಗೆ ಬಂದದ್ದು.”

ಅಕ್ಕನ ಬಾಯಿಗೆ ಏನು ಬರುತ್ತದೆಂದು ನಾನು ಯೋಚಿಸಿರಲಿಲ್ಲ. ಆಕೆ ಶುರು ಮಾಡಿದಳು. “ಮಂಚ ತತ್ತೀನಿ ಅಂತ ಓದೋನು ಮಂಜುಗಡ್ಡೆ ಪೆಟ್ಗೆ ತಂದ. ಇವನ್ನ ಏನಂತ ಕರೀಬೇಕು? ಮದ್ವೇಲಿ ನಮ್ಮಪ್ಪ ಕೊಟ್ಟ ಎತ್ತ ಯಾರ್ಗೋ ಕೊಟ್ಟು ಗಡಿಯಾರ ತಂದ, ಆ ಗಡಿಯಾರ ನಡೀತದಾ? ಕೇಳ್ರಿ ನೀವೇ.”

ಬಾಗಿಲಲ್ಲಿ, ಕಿಟಕಿಯಲ್ಲಿ, ಜಗುಲಿಯಲ್ಲಿ ನಿಂತಿದ್ದ ಊರು ಕೇಳಿತು. ಬಾವ ಗುಡಾಣವನ್ನು ಎರಡೂ ಕೈಯಲ್ಲಿ ಅಲುಗದಂತೆ ಹಿಡಿದಿದ್ದರು. ಕಿವಿ ಮುಚ್ಚಿಕೊಳ್ಳಲು ಅವರಿಗೆ ಕೈಯಿರಲಿಲ್ಲ.

“ಅಮ್ಮಿ, ಮೆಲ್ಲಗೆ” ಎಂದರು ಬಾವ.

“ಮೆಲ್ಲಗೆ ಬೇಡ. ಜೋರಾಗೇ ಇರ್ಲಿ” ಎಂದೆ ನಾನು, ಸುಣ್ಣ ತಿರುವುತ್ತಾ.

ಬಾವನ ಕಥೆ ಮುಗಿದು ನಂಜವ್ವನ ಕಥೆ ಶುರುವಾಯಿತು. ಬಾಣಂತಿಗೆ ಕೊಡುವ ಸಾರಿನಲ್ಲಿ ಬೆಳ್ಳುಳ್ಳಿ ಎಷ್ಟಿರಬೇಕು, ಎಷ್ಟಿತ್ತು ಎಂಬ ಮಾತು ಬಂತು. ನಂಜವ್ವ ಕೆಂಡದ ಬಟ್ಟಲು ಹಿಡಿದು ಕಲ್ಲಾಗಿ ನಿಂತಿದ್ದರು. ಗುಡಾಣ ಗುಳುಗುಳು ಎನ್ನುತ್ತಿತ್ತು. ಮೇಸ್ತ್ರಿ ಟೋಪಿಯನ್ನು ಕಣ್ಣಿನವರೆಗೆ ಎಳೆದುಕೊಂಡು ತಿರುಪಿನ ಮೇಲೆ ಬಗ್ಗಿದ್ದರು.

ಇದ್ದಕ್ಕಿದ್ದಂತೆ ಒಳಗಿನ ದನಿ ನಿಂತಿತು.

ಮುದ್ದೆ ಕೋಲು ನನ್ನ ಕೈಯಲ್ಲಿ ನಿಂತಿತು. “ಅಕ್ಕಾ” ಎಂದೆ. ಉತ್ತರವಿಲ್ಲ. ಮತ್ತೆ ಕರೆದೆ. ಮಗುವಿನ ಸದ್ದೂ ಇಲ್ಲ. ಬಾವ ಗುಡಾಣ ಬಿಟ್ಟು ಎದ್ದರು, ಅವರ ಮುಖ ಸುಣ್ಣಕ್ಕಿಂತ ಬಿಳುಚಿತ್ತು. ನಾನು ಓದಿದ್ದೆಲ್ಲ ತಪ್ಪಿದ್ದರೆ ಎಂಬ ಯೋಚನೆ ಆ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಬಂತು. ಲ್ಯಾಬಿನಲ್ಲಿ ಸೀಸೆಯೊಳಗೆ ನಡೆದದ್ದು ಇಲ್ಲಿ ನಡೆಯಬೇಕೆಂದು ಯಾರು ಹೇಳಿದರು? ಬಾವ ಬಟ್ಟೆ ಸರಿಸಲು ಕೈ ಹಾಕಿದರು.

“ಬಟ್ಟೆ ಮುಟ್ಬ್ಯಾಡಿ” ಎಂದಿತು ಒಳಗಿನ ದನಿ. “ಕೂಸು ಆಲು ಕುಡೀತಾ ನಿದ್ದೆ ಓತು, ಕೆಳಗೆ ಮಲಗಿಸ್ಬ್ಯಾಡ ಅಂತ ತೊಡೆ ಮೇಲೆ ಆಕ್ಕಂಡೆ. ಅಷ್ಟರಲ್ಲೇ ಏನ್ ಅವಸ್ರ? ಮದ್ವೆಯಾದ ಮೊದ್ಲನೇ ವರ್ಸದ್ದು ಮುಗೀತು. ಎರಡ್ನೇ ವರ್ಸಕ್ಕೆ ಬತ್ತೀನಿ ಇರಿ.”

ಬಾವ ಅಲ್ಲೇ ಗೋಡೆಗೊರಗಿ ಕುಸಿದು ಕೂತು ಅಳತೊಡಗಿದರು. ಅಳುತ್ತಲೇ, “ಬಯ್ಯಿ, ಇನ್ನೂ ಬಯ್ಯಿ” ಎಂದರು. ಹೊರಗಿದ್ದ ಊರು ನಗಲಾರದೆ ನಕ್ಕಿತು. ಎರಡನೆಯ ವರ್ಷದ ನಡುವೆ ಎಲ್ಲೋ ಗುಡಾಣದ ಗುಳುಗುಳು ಕಡಿಮೆಯಾಯಿತು, ಆಮೇಲೆ ನಿಂತಿತು. ಮೇಸ್ತ್ರಿ ಕೊಳವೆ ಎತ್ತಿ ಮೂಸಿ ನೋಡಿ, “ಖಾಲಿ” ಎಂದರು. ಆಮೇಲೆ ನನ್ನನ್ನು ನೋಡಿ, “ಇಷ್ಟು ವರ್ಷ ನಾನು ಇದನ್ನ ಜನರ ಮನೆಯೊಳಗೇ ಬಿಟ್ಕೊಂಡು ಬಂದೆ ಸ್ವಾಮಿ” ಎಂದರು.  ನನಗೆ ಆಗ ಅವರಿಗೆ ಉಪದೇಶ ಮಾಡುವ ಶಕ್ತಿಯಿರಲಿಲ್ಲ.

ಗಸಿಯನ್ನು ಕಾಲುವೆಗೆ ಚೆಲ್ಲಲು ಹೊರಟಿದ್ದರು. ದನ ಕುಡಿಯುವ ನೀರು, ಬೇಡ ಎಂದು ಹಿತ್ತಲಲ್ಲಿ ಗುಂಡಿ ತೋಡಿಸಿ ಹೂಳಿಸಿದೆ. ಬೆಳಿಗ್ಗೆ ಮಳವಳ್ಳಿಗೆ ಹೋಗಿ ಸುಣ್ಣ ಕೊಂಡು ತಂದು ಮನೆ ಮನೆಗೆ ವಾಪಸು ಕೊಡಲು ಹೋದೆ. ಒಬ್ಬರೂ ಮುಟ್ಟಲಿಲ್ಲ. ವಾಪಸು ಇಸಿದುಕೊಂಡರೆ ನಿನ್ನೆ ಸಾಲ ಕೊಟ್ಟಂತಾಗುತ್ತದೆ, ಕೊಟ್ಟಿಲ್ಲವಲ್ಲ, ನೀನು ಕದ್ದದ್ದಲ್ಲವೇ ಎಂದರು. ಮಾದಯ್ಯ ಮಾತ್ರ, “ಸಿಕ್ಬಿದ್ರೆ ಇಡೀಬೇಕಾಯ್ತದೆ ಬುದ್ಧಿ, ಬೇಗ ಬಸ್ಸತ್ತಿ” ಎಂದು ಬುದ್ಧಿ ಹೇಳಿದ. ಫ್ರಿಜ್ಜಿಗೆ ಹೊಸ ಗ್ಯಾಸು ಬೊಂಬಾಯಿಯಿಂದ ಬರಬೇಕಿತ್ತು, ಬರಲೇ ಇಲ್ಲ. ಬಾವ ಮಾತ್ರ ಮುಂದಿನ ವಾರವೇ ಮಂಚ ತಂದರು. ಅದು ಹರಾಜಿನದಲ್ಲ, ಬಡಗಿಯಿಂದ ಮಾಡಿಸಿದ್ದು.

ಇಷ್ಟು ಹೇಳಿ, ಕಾಫಿ ಲೋಟ ಕೆಳಗಿಟ್ಟು, ಶಿವಣ್ಣನವರನ್ನು ನೋಡಿದೆ. ಈಗಿನ ಗ್ಯಾಸಿಗೆ ವಾಸನೆಯಿಲ್ಲ, ಅದು ಮನೆಯಲ್ಲಿ ಯಾರನ್ನೂ ಕೆಮ್ಮಿಸುವುದಿಲ್ಲ, ನೆಟ್ಟಗೆ ಮೇಲೆ ಹೋಗಿ ಓಜೋನ್ ಎಂಬ ಆಕಾಶದ ಕೊಡೆಯನ್ನು ತೂತು ಮಾಡುತ್ತದೆಂದು ಪೇಪರಿನಲ್ಲಿ ಬರೆಯುತ್ತಾರೆ. ಘಾಟಿದ್ದದ್ದು ಕೂಗಿ ಹೇಳಿ ಬರುತ್ತಿತ್ತು, ಇದು ಹೇಳದೆ ಹೋಗುತ್ತದೆ, ಅಷ್ಟೇ ವ್ಯತ್ಯಾಸ ಎಂದೆ. ಶಿವಣ್ಣ ತಲೆಯಾಡಿಸಿದರು. ಗ್ಯಾಸನ್ನು ಸಿಲಿಂಡರಿಗೆ ಎಳೆದುಕೊಳ್ಳುವ ಯಂತ್ರ ಮೈಸೂರಿನಲ್ಲಿ ಗೊತ್ತಿದ್ದವರ ಹತ್ತಿರ ಇದೆ, ಭಾನುವಾರ ತಂದು ಮಾಡುತ್ತೇನೆ, ಅಲ್ಲಿಯವರೆಗೆ ಫ್ರಿಜ್ಜು ಹೀಗೇ ಇರಲಿ ಎಂದರು. ನನ್ನ ಹೆಂಡತಿ ಹಾಲನ್ನು ಒಲೆಗಿಡಲು ಎದ್ದಳು.

ಶಿವಣ್ಣ ಏಳಲಿಲ್ಲ. ಏನೋ ಯೋಚಿಸುತ್ತಿದ್ದರು.

“ಸಾರ್, ಕದ್ದ ಸುಣ್ಣ ಅಂದ್ರಲ್ಲ. ಅದು ನಮ್ಮತ್ತೆ ಮನೇಲೂ ಐತೆ. ಅವರದು ಮಳವಳ್ಳಿ ಕಡೆ. ಹೋದ ವರ್ಷ ನನ್ನ ಹೆಂಡ್ತಿ ಬಾಣಂತನಕ್ಕೆ ಹೋದಾಗ ಮಾಡಿದ್ರು. ಬಾಣಂತಿ ಕೋಣೆ ಬಾಗ್ಲಲ್ಲಿ ಕದ್ದ ಸುಣ್ಣ ಇಡ್ಬೇಕು. ಕದಿಯೋವಾಗ ಮನೆಯೋರು ಗೋಡೆ ಕಡೆ ತಿರುಗಿ ನಿಲ್ಬೇಕು. ಒಬ್ರು ಕಳ್ಳ ಕಳ್ಳ ಅಂತ ಕೂಗ್ಕಂಡು ಹಿಂದೆ ಓಡ್ಬೇಕು. ಆಮೇಲೆ ಬಾಣಂತಿ ಒಳಗಿಂದ ಗಂಡನ್ನ ಬೈಬೇಕು. ನನ್ನ ಹೆಂಡ್ತಿ ಒಂದು ಗಂಟೆ ಬೈದ್ಲು ಸಾರ್, ಶಾಸ್ತ್ರ ಅಂತ ಸುಮ್ನೆ ನಿಂತಿದ್ದೆ.”

ನನ್ನ ಹೆಂಡತಿ ಅಡುಗೆಮನೆಯ ಬಾಗಿಲಲ್ಲೇ ನಿಂತಳು.

“ಯಾವಾಗಿನಿಂದ ಇದೆಯಂತೆ ಈ ಶಾಸ್ತ್ರ?” ಎಂದು ಕೇಳಿದೆ.

“ಮುತ್ತಾತನ ಕಾಲದಿಂದ್ಲೂ ಐತಂತೆ ಸಾರ್. ಯಾಕೆ ಅಂತ ಕೇಳ್ದೆ. ಹಿಂದಿನೋರು ಸುಮ್ನೆ ಮಾಡಿರಕಿಲ್ಲ, ಕೇಳ್ಬ್ಯಾಡ ಅಂದ್ರು ನಮ್ಮತ್ತೆ.”

ಆ ಮುತ್ತಾತ ನಾನೇ ಕಣಪ್ಪ, ಆಗ ನನಗೆ ಮೀಸೆ ಸರಿಯಾಗಿ ಬಂದಿರಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ನನ್ನ ಬಿ.ಎಸ್ಸಿ. ಹಳ್ಳಿಯಿಂದ ಹಳ್ಳಿಗೆ ಸೊಸೆಯರ ಜೊತೆ ಹೋಗಿ, ಹೆಸರು ಕಳೆದುಕೊಂಡು, ಹಿರಿಯರ ಮಾತಾಗಿ ಕೂತಿತ್ತು. ಬೇಸರವಾಗಬೇಕಿತ್ತು. ಆಗಲಿಲ್ಲ. ಬೇರೆ ಒಂದು ಅನುಮಾನ ಬಂತು.

“ಎಷ್ಟು ಸುಣ್ಣ ಇಡ್ತಾರೆ?”

“ಶಾಸ್ತ್ರಕ್ಕೆ ಸಾರ್. ವೀಳ್ಯದೆಲೆ ಮೇಲೆ ಒಂದು ಚಿಟಿಕೆ.”

ನನಗೆ ನಿಜವಾಗಿಯೂ ಸಿಟ್ಟು ಬಂತು. “ಚಿಟಿಕೆ ಏನಕ್ಕೂ ಸಾಲ್ದು. ಗುಡಾಣದ ತುಂಬ ನೀರಿಗೆ ಕದಡಿ ಇಡಬೇಕು. ತಳಕ್ಕೆ ಕೂರೋಕೆ ಬಿಡಬಾರದು. ಮುದ್ದೆ ಕೋಲಿನಲ್ಲಿ ತಿರುವುತ್ತಾ ಇರಬೇಕು. ನಿಮ್ಮತ್ತೆಗೆ ಹೇಳಿ” ಎಂದೆ.

ಶಿವಣ್ಣ ಬಹಳ ಶ್ರದ್ಧೆಯಿಂದ ಕೇಳಿಸಿಕೊಂಡರು. ಸ್ಪ್ಯಾನರನ್ನು ಚೀಲಕ್ಕೆ ಹಾಕಿ, ಚಪ್ಪಲಿ ಮೆಟ್ಟಿ, ಗೇಟಿನವರೆಗೆ ಹೋಗಿ, ತಿರುಗಿ ನಿಂತರು.

“ಮುದ್ದೆ ಕೋಲು ಹೊಸದಾಗಬೇಕಾ ಸಾರ್, ಹಳೇದಾ?”

ಯಾವುದಾದರೂ ಆಗುತ್ತದೆ ಎಂದು ನಾನು ಓದಿದ ರಸಾಯನಶಾಸ್ತ್ರ ಹೇಳುತ್ತದೆ.

“ಹಳೇದೇ ಆಗಬೇಕು” ಎಂದೆ.